50-80 ಸೈಟಿಗೆ ಬ್ಯಾಟರಿ ಗಾರ್ಡನ್ ಸೆಟ್: ಈ ಮೂರರಲ್ಲಿ ಯಾವುದು?

ಬೋಗಾದಿ_ಕೈತೋಟ:

ಎಲ್ಲರಿಗೂ ನಮಸ್ಕಾರ. ಮೈಸೂರು ಬೋಗಾದಿ ಕಡೆ 50-80 ಸೈಟ್. ಮನೆ ಬಿಟ್ಟು ಸುಮಾರು 1,200 ಚದರಡಿ ಲಾನ್ ಇದೆ, ಅರ್ಧ ಮೆಕ್ಸಿಕನ್ ಹುಲ್ಲು, ಅರ್ಧ ತಾನಾಗೇ ಹಬ್ಬಿದ ಗರಿಕೆ. ಕಾಂಪೌಂಡ್ ಉದ್ದಕ್ಕೆ 60 ಅಡಿ ಡ್ಯುರಾಂಟಾ ಗಿಡದ ಬೇಲಿ, ನಾಲ್ಕಡಿ ಎತ್ತರ. ಒಂದು ಮಾವು, ಎರಡು ತೆಂಗು, ಗೇಟಿನ ಮೇಲೆ ಕಾಗದದ ಹೂವಿನ ಬಳ್ಳಿ. ಇದಲ್ಲದೆ ಶ್ರೀರಂಗಪಟ್ಟಣದ ಹತ್ತಿರ 8 ಗುಂಟೆ ಖಾಲಿ ಜಾಗ. ಮಳೆ ಬಿದ್ದರೆ ಪಾರ್ಥೇನಿಯಂ (ಕಾಂಗ್ರೆಸ್ ಗಿಡ) ಮೊಣಕಾಲುದ್ದ ಬರುತ್ತೆ.

ನೋಡಿರೋ ಸೆಟ್‌ಗಳು ಇವು. ಒಂದನೆಯದು 20 ವೋಲ್ಟ್: ಹುಲ್ಲಿನ ಟ್ರಿಮ್ಮರ್, ಹೆಡ್ಜ್ ಟ್ರಿಮ್ಮರ್, ಬ್ಲೋವರ್, ಮಿನಿ ಚೈನ್ ಸಾ, ಜೊತೆಗೆ 2 ಎಎಚ್ (ಆಂಪಿಯರ್ ಅವರ್) ಬ್ಯಾಟರಿ ಎರಡು. ಎರಡನೆಯದು 36 ವೋಲ್ಟ್: 33 ಸೆಂ.ಮೀ. ಲಾನ್ ಮೂವರ್ ಮತ್ತು ಟ್ರಿಮ್ಮರ್, 4 ಎಎಚ್ ಬ್ಯಾಟರಿ ಒಂದೇ. ಮೂರನೆಯದು ಆನ್‌ಲೈನ್‌ನಲ್ಲಿ ಸಿಗೋ "48 ವೋಲ್ಟ್" ಸೆಟ್: ಎರಡು ಬ್ಯಾಟರಿ, ಪ್ಲಾಸ್ಟಿಕ್ ಬ್ಲೇಡು, ಕಬ್ಬಿಣದ ಬ್ಲೇಡು, ಚಕ್ರ ಎಲ್ಲಾ ಸೇರಿ ಮೊದಲನೆಯದರ ಕಾಲು ಭಾಗ ಬೆಲೆ. ವೋಲ್ಟೇಜ್ ಜಾಸ್ತಿ, ಬೆಲೆ ಕಡಿಮೆ. ಇದರಲ್ಲಿ ಮೋಸ ಎಲ್ಲಿದೆ? ಬ್ಯಾಟರಿ ನಿಜವಾಗಿ ಎಷ್ಟು ಹೊತ್ತು ಬರುತ್ತೆ ಅಂತಾನೂ ತಿಳಿಸಿ.


ಹೆಬ್ಬಾಳು_ವರ್ಕ್‌ಶಾಪ್:

ಸರ್, ಮೂರನೆಯದರ ಚಾರ್ಜರ್ ಹಿಂದೆ ಅಂಟಿಸಿರೋ ಚೀಟಿಯ ಫೋಟೋ ಹುಡುಕಿ, "ಔಟ್‌ಪುಟ್" ಅಂತ ಇರೋ ಸಾಲು ಓದಿ. ಬಹುತೇಕ 21 ವೋಲ್ಟ್ ಅಂತ ಇರುತ್ತೆ. ಅಲ್ಲಿಗೆ ಉತ್ತರ ಸಿಕ್ಕಿತು. ಲಿಥಿಯಂ ಅಯಾನ್ ಸೆಲ್ ಒಂದು ಪೂರ್ತಿ ತುಂಬಿದಾಗ 4.2 ವೋಲ್ಟ್. ಐದು ಸೆಲ್ ಸಾಲಾಗಿ ಜೋಡಿಸಿದರೆ 21. ಅದೇ ಸೆಲ್ಲಿನ ಸರಾಸರಿ ವೋಲ್ಟೇಜ್ 3.6, ಐದಕ್ಕೆ 18. ಹಾಗಾಗಿ 18, "20 ಮ್ಯಾಕ್ಸ್", 21 ಮೂರೂ ಒಂದೇ ಐದು ಸೆಲ್ಲಿನ ಸಾಲು. ಹೆಸರು ಮಾತ್ರ ಬೇರೆ. ಡಿವಾಲ್ಟ್ ತನ್ನ ಒಂದೇ ಬ್ಯಾಟರಿಯನ್ನು ಅಮೆರಿಕದಲ್ಲಿ 20 ಮ್ಯಾಕ್ಸ್ ಅಂತಲೂ ಯುರೋಪಿನಲ್ಲಿ 18 ಅಂತಲೂ ಮಾರುತ್ತೆ. ನಿಜವಾದ 36 ವೋಲ್ಟ್ ಅಂದ್ರೆ ಹತ್ತು ಸೆಲ್ಲಿನ ಸಾಲು, ಅದರ ಚಾರ್ಜರ್ ಮೇಲೆ 42 ಇರಬೇಕು. 48, 88, 128 ಅಂತೆಲ್ಲ ಬರೆದು ಪಕ್ಕದಲ್ಲಿ "ವಿಎಫ್" ಸೇರಿಸಿದ್ದರೆ ಅದು ವೋಲ್ಟೇಜ್ ಅಲ್ಲ, ಮಾಡೆಲ್ ಹೆಸರು ಅಂತ ಜಾರಿಕೊಳ್ಳೋಕೆ ಇಟ್ಟುಕೊಂಡ ದಾರಿ.

ಇನ್ನೊಂದು ಪರೀಕ್ಷೆ ಅಡುಗೆಮನೆ ತಕ್ಕಡಿ. ಟೂಲ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ ಇರೋ 18650 ಸೆಲ್ ಒಂದರ ತೂಕ 45ರಿಂದ 48 ಗ್ರಾಂ. 18 ವೋಲ್ಟ್ 5 ಎಎಚ್ ಪ್ಯಾಕ್‌ನಲ್ಲಿ ಇಂಥವು ಹತ್ತು ಇರುತ್ತವೆ, ಸೆಲ್ಲಿನ ತೂಕವೇ 450 ಗ್ರಾಂ ದಾಟುತ್ತೆ, ಡಬ್ಬಿ ಸೇರಿ 600ರ ಮೇಲೆ. "5 ಎಎಚ್" ಅಂತ ಬರೆದ ಪ್ಯಾಕ್ 350 ಗ್ರಾಂ ತೂಗಿದರೆ ಒಳಗೆ ಐದೇ ಸೆಲ್. ಕೆಲವು ಡಬ್ಬಿ ಹತ್ತು ಸೆಲ್ಲಿನಷ್ಟು ದೊಡ್ಡದಾಗಿಯೇ ಇರುತ್ತೆ, ಬಿಚ್ಚಿದರೆ ಅರ್ಧ ಜಾಗ ಖಾಲಿ.

ಈಗ ಲೆಕ್ಕ. ವೋಲ್ಟ್‌ನ್ನು ಎಎಚ್‌ನಿಂದ ಗುಣಿಸಿದರೆ ವ್ಯಾಟ್ ಅವರ್ ಬರುತ್ತೆ. ಟ್ಯಾಂಕಿನಲ್ಲಿರೋ ಪೆಟ್ರೋಲ್ ಅದು. ನಿಮ್ಮ ಮೊದಲನೇ ಸೆಟ್ 18×2, ಅಂದರೆ 36, ಎರಡು ಬ್ಯಾಟರಿಗೆ 72. 20ರಿಂದ ಗುಣಿಸಿ 80 ಅಂತ ಡಬ್ಬಿ ಮೇಲೆ ಹಾಕಿರ್ತಾರೆ, ನಂಬಬೇಡಿ. ಎರಡನೆಯದು 36×4, ಅಂದರೆ 144. ಒಂದೇ ಬ್ಯಾಟರಿ ಇದ್ದರೂ ಎರಡನೆಯದರಲ್ಲಿ ಸರಕು ದುಪ್ಪಟ್ಟು. ಸೆಟ್ ಹೋಲಿಸುವಾಗ ಪ್ರತಿ ಮಷಿನ್ ಬ್ಯಾಟರಿ ಇಲ್ಲದೆ ಬಿಡಿಯಾಗಿ ಎಷ್ಟು ಅಂತ ಕೇಳಿ. ಅದನ್ನೆಲ್ಲ ಸೆಟ್ ಬೆಲೆಯಿಂದ ಕಳೆದು ಉಳಿದದ್ದನ್ನು ವ್ಯಾಟ್ ಅವರ್‌ನಿಂದ ಭಾಗಿಸಿ. ಒಂದು ವ್ಯಾಟ್ ಅವರ್‌ಗೆ ಏನು ಕೊಡ್ತಿದ್ದೀರಿ ಅಂತ ಅಲ್ಲಿ ಬಯಲಾಗುತ್ತೆ. "ನಾಲ್ಕು ಮಷಿನ್ ಫ್ರೀ" ಅನ್ನೋ ಸೆಟ್‌ಗಳ ಬಣ್ಣ ಇಲ್ಲೇ ಬಿಡೋದು.

2 ಎಎಚ್ ಬ್ಯಾಟರಿಗೆ ಇನ್ನೂ ಒಂದು ತೊಂದರೆ ಇದೆ, ಅದು ಬರೀ ಹೊತ್ತಿನ ಮಾತಲ್ಲ. ಒಂದೇ ಸಾಲಿನ ಐದು ಸೆಲ್ ಆರಾಮವಾಗಿ ಕೊಡೋದು 20 ಆಂಪಿಯರ್, ಅಂದರೆ 360 ವ್ಯಾಟ್ ಹತ್ತಿರ. ಬ್ಲೋವರ್ ಫುಲ್ ಸ್ಪೀಡಿನಲ್ಲಿ, ಟ್ರಿಮ್ಮರ್ ಒದ್ದೆ ಹುಲ್ಲಿನಲ್ಲಿ ಅದಕ್ಕಿಂತ ಜಾಸ್ತಿ ಎಳೆಯುತ್ತೆ. ಸೆಲ್ ಬಿಸಿಯಾಗುತ್ತೆ, ವೋಲ್ಟೇಜ್ ಕುಸಿಯುತ್ತೆ, ಒಳಗಿನ ಸರ್ಕ್ಯೂಟ್ ಕಟ್ ಮಾಡುತ್ತೆ. ಜನ "ಚಾರ್ಜ್ ಇದ್ದರೂ ನಿಂತುಹೋಯ್ತು" ಅಂತ ಮಷಿನ್ ಹೊತ್ತುಕೊಂಡು ಬರ್ತಾರೆ, ಮಷಿನ್ ಸರಿಯಾಗೇ ಇರುತ್ತೆ. 4 ಅಥವಾ 5 ಎಎಚ್ ಪ್ಯಾಕ್‌ನಲ್ಲಿ ಎರಡು ಸಾಲು ಇರೋದರಿಂದ ಭಾರ ಹಂಚಿಹೋಗುತ್ತೆ. ಅದೇ ಮಷಿನ್ ಬೇರೆ ಮಷಿನ್ ಥರ ಓಡುತ್ತೆ.

ಕೊನೆಯದಾಗಿ, ನೀವು ಕೊಳ್ತಿರೋದು ಮಷಿನ್ ಅಲ್ಲ, ಬ್ಯಾಟರಿಯ ಕುಟುಂಬ. ಇವತ್ತು ಟ್ರಿಮ್ಮರ್, ನಾಳೆ ಡ್ರಿಲ್, ನಾಡಿದ್ದು ಸ್ಪ್ರೇ ಪಂಪ್, ಎಲ್ಲಾ ಅದೇ ಬ್ಯಾಟರಿಗೆ ಕೂರಬೇಕು. ಒಂದೇ ಕಂಪನಿ ಅಂದಮಾತ್ರಕ್ಕೆ ಕೂರಲ್ಲ. ಬಾಷ್‌ನ ನೀಲಿ 18 ವೋಲ್ಟ್ ಮತ್ತು ಹಸಿರು 18 ವೋಲ್ಟ್ ಒಂದಕ್ಕೊಂದು ಸೇರಲ್ಲ. ಮಕಿಟಾದ 18 ವೋಲ್ಟ್ ಎಲ್‌ಎಕ್ಸ್‌ಟಿ ಬ್ಯಾಟರಿ 40 ವೋಲ್ಟ್ ಎಕ್ಸ್‌ಜಿಟಿ ಮಷಿನ್‌ಗೆ ಹಿಡಿಯಲ್ಲ. ಆದರೆ ಎರಡು ಎಲ್‌ಎಕ್ಸ್‌ಟಿ ಒಟ್ಟಿಗೆ ಹಾಕಿ 36 ವೋಲ್ಟ್ ಮಾಡಿಕೊಳ್ಳೋ ಮೂವರ್‌ಗಳು ಅದೇ ಸಾಲಿನಲ್ಲಿವೆ, ಅದು ಒಳ್ಳೇ ಉಪಾಯ. ಸ್ಟಿಲ್‌ನಲ್ಲಿ ಎಎಸ್, ಎಕೆ, ಎಪಿ ಅಂತ ಮೂರು ಬೇರೆ ಬೇರೆ ಕುಟುಂಬ. ಹೊರಡೋ ಮುಂಚೆ ಡಬ್ಬಿ ಮೇಲಿನ ಈ ಅಕ್ಷರ ಬರ್ಕೊಂಡು ಹೋಗಿ.


ನಾಲೆ_ಬಯಲು_ಮಂಡ್ಯ:

ಸರ್, ನಿಮ್ಮ 8 ಗುಂಟೆ ವಿಚಾರ ಮಾತ್ರ ಹೇಳ್ತೀನಿ, ಲಾನು ಗೀನು ನಂಗೊತ್ತಿಲ್ಲ. ಆ ಜಾಗಕ್ಕೆ ಬ್ಯಾಟರಿ ಮಷಿನ್ನು ಅಂತ ಹೋಗ್ಬೇಡಿ ಕಣ್ರೀ.

ಲೆಕ್ಕ ಹಾಕಣ. 8 ಗುಂಟೆ ಅಂದ್ರೆ 8,712 ಚದರಡಿ, 800 ಚದರ ಮೀಟರ್ ಮೇಲೆ. ಮೊಣಕಾಲುದ್ದದ ಕಳೆಲಿ ನೈಲಾನ್ ದಾರ ತಿರುಗೋ ಟ್ರಿಮ್ಮರ್ ನಿಮಿಷಕ್ಕೆ ಐದು ಚದರ ಮೀಟರ್ ಹೊಡುದ್ರೆ ಅದೇ ದೊಡ್ಡದು. 160 ನಿಮಿಷ ಆಯ್ತು. ಅಂಥ ಕೆಲಸ್ದಲ್ಲಿ 500 ವ್ಯಾಟ್ ಎಳುದ್ರೆ 1,300 ವ್ಯಾಟ್ ಅವರ್ ಬೇಕು. ನಿಮ್ಮ 36 ವೋಲ್ಟ್ ಬ್ಯಾಟರಿ ಒಂಬತ್ತು ಸಲ ತುಂಬುಸ್ಬೇಕು. ಖಾಲಿ ಜಾಗ್ದಲ್ಲಿ ಕರೆಂಟ್ ಎಲ್ಲಿಂದ ತತ್ತೀರಾ? ಆ "48 ವೋಲ್ಟ್" ಸೆಟ್ಟಂತೂ ಬದೀನ ಹತ್ರನೇ ಕುಂತ್ಕೊಂಡುಬುಡುತ್ತೆ.

ಇದಕ್ಕೆ ಪೆಟ್ರೋಲ್ ಬ್ರಷ್ ಕಟರ್ ಇರೋರ್ನ ಬಾಡಿಗೆಗೆ ಕರ್ಸಿ. ವರ್ಸಕ್ಕೆ ಮೂರು ಸಲ ಸಾಕು. ಆಳು ಬಂದಾಗ ಒಂದು ನೋಡಿ: ಮೊಣಕಾಲುದ್ದದ ಹಸಿ ಗಿಡಕ್ಕೆ ಮೂರು ಹಲ್ಲಿನ ಬ್ಲೇಡು, ಕಡ್ಡಿಯಾಗಿ ಬಲ್ತಿದ್ರೆ ಟಂಗ್‌ಸ್ಟನ್ ಹಲ್ಲಿನ ದುಂಡು ಬ್ಲೇಡು. ದಾರ ಹಾಕಿದ್ರೆ ಪಾರ್ಥೇನಿಯಂ ಹಸಿ ಪುಡಿಯಾಗಿ ಮೈಗೆಲ್ಲಾ ಸಿಡಿಯುತ್ತೆ, ಆಗದೇ ಇರೋರ್ಗೆ ಮೂರು ದಿನ ಕೆರತ. ಮೂಗಿಗೆ ಬಟ್ಟೆ, ಕೈ ತುಂಬ ಶರ್ಟು ಇರ್ಲೇಬೇಕು. ಸುತ್ತ 15 ಮೀಟರ್ ಒಳಗೆ ಜನ, ದನ, ನಿಲ್ಸಿದ ಕಾರು ಇರಬಾರ್ದು. ಕಲ್ಲು ಸಿಡುದ್ರೆ ಗಾಜು ಹೋಯ್ತು ಅಂತ್ಲೇ ತಿಳ್ಕೊಳಿ.

ಕಾಂಗ್ರೆಸ್ ಗಿಡ ಹೂ ಬಿಡೋ ಮುಂಚೆ ಹೊಡೀಬೇಕು. ಒಂದೊಂದು ಗಿಡದಲ್ಲಿ ಸಾವಿರಾರು ಬೀಜ, ಬಿಳಿ ಹೂವಾದ ಮೇಲೆ ಕಟ್ ಮಾಡಿದ್ರೆ ನಾವೇ ಬಿತ್ತಿದಂಗೆ. ಬುಡ ಉಳುದ್ರೆ ಮತ್ತೆ ಚಿಗುರುತ್ತೆ, ಅದಕ್ಕೇ ಮಳೆ ಬಂದ ಮಾರನೇ ದಿನ ಗ್ಲೌಸ್ ಹಾಕ್ಕಂಡು ಬೇರ್ಸಮೇತ ಕೀಳೋದು ಎಲ್ಲಕ್ಕಿಂತ ಒಳ್ಳೇದು. ಎಲೆ ಮೇಲೆ ಮಾಸಲು ಬಿಳಿಯ, ಕಂದು ಗೆರೆಯ ಪುಟ್ಟ ಜೀರುಂಡೆ ಕಂಡ್ರೆ ಔಷಧಿ ಹೊಡೀಬೇಡಿ. ಪಾರ್ಥೇನಿಯಂ ತಿನ್ನೋಕೇ ಅಂತ ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಲ್ಲಿ ಬಿಟ್ಟ ಹುಳ ಅದು, ಮಳೆಗಾಲದಲ್ಲಿ ಚೆನ್ನಾಗಿ ಕೆಲ್ಸ ಮಾಡುತ್ತೆ.

ನೀವೇ ಮಷಿನ್ ತಗೊಳ್ಳೋದೇ ಆದ್ರೆ ಎರಡು ಮಾತು. ಟೂ ಸ್ಟ್ರೋಕ್ ಆದ್ರೆ ಪೆಟ್ರೋಲಿಗೆ ಆಯಿಲ್ ಅಳೆದು ಹಾಕ್ಬೇಕು: 50ಕ್ಕೆ 1 ಅಂತಿದ್ರೆ ಲೀಟರ್‌ಗೆ 20 ಎಂಎಲ್, 40ಕ್ಕೆ 1 ಅಂದ್ರೆ 25, 25ಕ್ಕೆ 1 ಅಂದ್ರೆ 40. ಕಣ್ಣಂದಾಜು ಬೇಡ. ಕೆಲ್ಸ ಮುಗುದ್ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗೇ ಆಫ್ ಆಗೋಗಂಟ ಓಡ್ಸಿ. ಎಥೆನಾಲ್ ಬೆರ್ಸಿದ ಪೆಟ್ರೋಲು ಮೂರು ತಿಂಗ್ಳು ಟ್ಯಾಂಕಲ್ಲೇ ನಿಂತ್ರೆ ಕಾರ್ಬೊರೇಟರ್ ಕಟ್ಕೊಂಡುಬುಡುತ್ತೆ.


ಹಸಿರು_ಅಂಗಳ:

ಮೇಲಿನ ಇಬ್ಬರ ಮಾತಿಗೂ ಸಹಮತ. 8 ಗುಂಟೆಯನ್ನು ಲೆಕ್ಕದಿಂದ ತೆಗೆದರೆ ಮನೆಯ ಕೆಲಸ ನಿಜಕ್ಕೂ ಚಿಕ್ಕದು. ನನ್ನ ಪ್ರಕಾರ ನಿಮಗೆ ಬೇಕಾದದ್ದು ಟ್ರಿಮ್ಮರ್ ಮತ್ತು ಹೆಡ್ಜ್ ಟ್ರಿಮ್ಮರ್. ಲಾನ್ ಮೂವರ್ ಬೇಕು, ಆದರೆ ಅದು ಇದೇ ಸೆಟ್ಟಿನಲ್ಲಿ ಇರಲೇಬೇಕೆಂದಿಲ್ಲ. ಬ್ಲೋವರ್ ಬೇಡವೇ ಬೇಡ. 2 ಎಎಚ್ ಬ್ಯಾಟರಿ ಅದರಲ್ಲಿ ಐದಾರು ನಿಮಿಷ ಬರುತ್ತದೆ. ಅಷ್ಟರಲ್ಲಿ ತೆಂಗಿನ ಕಡ್ಡಿ ಪೊರಕೆ ಅಂಗಳ ಮುಗಿಸಿ ನೀರೂ ಚಿಮುಕಿಸಿರುತ್ತದೆ. ನಮ್ಮ ಕೆಂಪು ಮಣ್ಣಿನ ಧೂಳು ಪಕ್ಕದ ಮನೆಯವರು ಒಣಹಾಕಿದ ಬಟ್ಟೆಗೆ ಹೋಗಿ ಕೂರುವುದು ಬೇರೆ.

ಲಾನ್ ಲೆಕ್ಕ: 1,200 ಚದರಡಿ ಅಂದರೆ 111 ಚದರ ಮೀಟರ್. 33 ಸೆಂ.ಮೀ. ಮೂವರ್ ಒಂದು ಪಟ್ಟಿಯ ಮೇಲೆ ಇನ್ನೊಂದು ಸ್ವಲ್ಪ ಬರುವಂತೆ ನಡೆಸಿದರೆ ನಿಮಿಷಕ್ಕೆ ಸುಮಾರು 15 ಚದರ ಮೀಟರ್. ತಿರುಗುವುದು, ಹುಲ್ಲಿನ ಬುಟ್ಟಿ ಖಾಲಿ ಮಾಡುವುದು ಸೇರಿ ಕಾಲು ಗಂಟೆ. 36 ವೋಲ್ಟ್ 4 ಎಎಚ್‌ಗೆ ಇದು ಸಲೀಸು. ಕಷ್ಟ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮೈಸೂರಿನ ಕಡೆ ಜೋರು ಮಳೆ ಬೀಳುವುದು ಆಗಲೇ. ಹತ್ತು ದಿನ ಬಿಟ್ಟರೆ ಗರಿಕೆ ಎರಡು ಪಟ್ಟು ಎದ್ದಿರುತ್ತದೆ. ಒದ್ದೆ ಹುಲ್ಲು ಮೂವರ್‌ನ ಹೊಟ್ಟೆಗೆ ಅಂಟಿ ಗಂಟುಗಂಟಾಗಿ ಉದುರುತ್ತದೆ, ಮೋಟರ್ ದುಪ್ಪಟ್ಟು ಎಳೆಯುತ್ತದೆ. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಹನ್ನೊಂದು ಗಂಟೆ ಹೊತ್ತಿಗೆ ಶುರು ಮಾಡಿ. ಎತ್ತರ ಒಮ್ಮೆಗೇ ಇಳಿಸಬೇಡಿ. ಇದ್ದ ಉದ್ದದ ಮೂರರಲ್ಲಿ ಒಂದು ಭಾಗ ಮಾತ್ರ ಕತ್ತರಿಸಿ, ಮೂರು ದಿನ ಬಿಟ್ಟು ಇನ್ನೊಂದು ಸಲ. ಮೆಕ್ಸಿಕನ್ ಹುಲ್ಲನ್ನು ಒಮ್ಮೆಲೇ ನೆಲಮಟ್ಟಕ್ಕೆ ಹೆರೆದರೆ ಕೆಳಗಿನ ಕಂದು ಕಡ್ಡಿ ಬಯಲಾಗಿ ಲಾನ್ ಎರಡು ವಾರ ಸತ್ತಂತೆ ಕಾಣುತ್ತದೆ. 25ರಿಂದ 40 ಮಿ.ಮೀ. ಸಾಕು.

ಲಾನ್ ನಡುವೆ ತ್ರಿಕೋನದ ಕಾಂಡದ ಜೇಕು ಎದ್ದಿದ್ದರೆ ಯಾವ ಮಷಿನ್ನೂ ಅದನ್ನು ಹೋಗಲಾಡಿಸುವುದಿಲ್ಲ. ಅದರ ಪ್ರಾಣ ಗಡ್ಡೆಯಲ್ಲಿದೆ. ಸಣ್ಣ ಗುದ್ದಲಿ ತೆಗೆದುಕೊಂಡು ಗಡ್ಡೆ ಸಮೇತ ಕೀಳಬೇಕು.

ಬೇಲಿಗೆ 18 ವೋಲ್ಟ್ ಹೆಡ್ಜ್ ಟ್ರಿಮ್ಮರ್ ಧಾರಾಳ. ಅದು ಎಳೆಯುವುದೇ 100, 150 ವ್ಯಾಟ್. 2 ಎಎಚ್ ಬ್ಯಾಟರಿಗೆ ಹೇಳಿ ಮಾಡಿಸಿದ ಕೆಲಸ ಇದೊಂದೇ. 60 ಅಡಿ ಬೇಲಿಯ ಒಂದು ಮುಖ ಮತ್ತು ತಲೆ ಒಂದು ಚಾರ್ಜಿಗೆ ಆಗಬೇಕು. ಕೊಳ್ಳುವಾಗ ಬ್ಲೇಡಿನ ಉದ್ದಕ್ಕಿಂತ ಹಲ್ಲಿನ ನಡುವಿನ ಸಂದು ನೋಡಿ. 15 ಮಿ.ಮೀ. ಅಂತ ಬರೆದಿದ್ದರೆ ಹಸಿ ಕಡ್ಡಿ 10, 12 ಮಿ.ಮೀ. ದಪ್ಪದವರೆಗೆ ಚೆನ್ನಾಗಿ ಕತ್ತರಿಸುತ್ತದೆ. ಡ್ಯುರಾಂಟಾದ ಚಿಗುರು ಪೆನ್ಸಿಲ್ ದಪ್ಪ, ತೊಂದರೆ ಇಲ್ಲ. ಕಾಗದದ ಹೂವಿನ ಹಳೇ ಕೊಂಬೆಗೆ ಹಾಕಿದರೆ ಹಲ್ಲು ಕಚ್ಚಿಕೊಂಡು ನಿಲ್ಲುತ್ತದೆ; ಆಗ ಸ್ವಿಚ್ ಒತ್ತಿ ಹಿಡಿಯದೆ ಬ್ಯಾಟರಿ ತೆಗೆದು ಕೊಂಬೆ ಬಿಡಿಸಿ. ಆ ಬಳ್ಳಿಗೆ ಉದ್ದ ಹಿಡಿಯ ಕೊಂಬೆ ಕತ್ತರಿಯೇ ಸರಿ, ಚರ್ಮದ ಗ್ಲೌಸ್ ಜೊತೆ.

ಕತ್ತರಿಸುವ ರೀತಿ: ಬುಡ ಅಗಲ, ತಲೆ ಕಿರಿದು. ನಾಲ್ಕಡಿ ಬೇಲಿಗೆ ಎರಡೂ ಕಡೆ ಮೂರ್ನಾಲ್ಕು ಬೆರಳು ಓರೆ ಕೊಟ್ಟರೆ ಬುಡದ ಎಲೆಗೂ ಬಿಸಿಲು ಸಿಗುತ್ತದೆ. ನೇರ ಗೋಡೆಯ ಹಾಗೆ ಕತ್ತರಿಸಿದ ಡ್ಯುರಾಂಟಾ ಎರಡು ವರ್ಷಕ್ಕೆ ಕೆಳಗಡೆ ಬೋಳಾಗುತ್ತದೆ. ಮೊದಲು ಪಕ್ಕ, ಕೆಳಗಿನಿಂದ ಮೇಲಕ್ಕೆ. ಆಮೇಲೆ ತಲೆ, ದಾರ ಕಟ್ಟಿಕೊಂಡು. ಡ್ಯುರಾಂಟಾದ ಹಳದಿ ಕಾಯಿ ವಿಷ, ಮಕ್ಕಳಿರುವ ಮನೆಯಲ್ಲಿ ಗುಡಿಸಿ ತೆಗೆಯಿರಿ. ಕೆಲಸ ಆದ ಮೇಲೆ ಬ್ಲೇಡಿನ ಮೇಲೆ ಕಪ್ಪಗೆ ಅಂಟಿದ ರಸವನ್ನು ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಒರೆಸಿ, ನಾಲ್ಕು ತೊಟ್ಟು ಹೊಲಿಗೆ ಮಷಿನ್ ಎಣ್ಣೆ ಬಿಡಿ. ಈ ಅಂಟು ಒಣಗಿದರೆ ಎರಡು ಬ್ಲೇಡೂ ಒಂದಕ್ಕೊಂದು ಉಜ್ಜಿ ಬಿಸಿಯಾಗುತ್ತವೆ, ಬ್ಯಾಟರಿ ಅರ್ಧ ಹೊತ್ತಿಗೇ ಇಳಿಯುತ್ತದೆ.


ಕುವೆಂಪುನಗರ_ವೈರು:

ಒಂದು ಪ್ರಶ್ನೆ. ಲಾನ್ ಪೂರ್ತಿ ಮನೆ ಸುತ್ತಲೇ ಇದೆ. ಕರೆಂಟ್ ವೈರಿನ ಮೂವರ್ ಯಾಕಾಗಬಾರದು? ಬ್ಯಾಟರಿ ಸಾಯೋ ಚಿಂತೆ ಇಲ್ಲ, ಬೆಲೆ ಅರ್ಧಕ್ಕೂ ಕಡಿಮೆ.


ಹಸಿರು_ಅಂಗಳ:

ಆಗುತ್ತದೆ, ಅದಕ್ಕೇ ಮೂವರ್ ಸೆಟ್ಟಿನಲ್ಲೇ ಇರಬೇಕಿಲ್ಲ ಎಂದದ್ದು. ಮೂರು ಕೋರ್, 1.5 ಚದರ ಮಿ.ಮೀ. ತಾಮ್ರದ ಹೊರಾಂಗಣ ಕೇಬಲ್, 25 ಮೀಟರ್ ಒಳಗೆ, ಮನೆಯಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರಲೇಬೇಕು. ವೈರು ಹೆಗಲ ಮೇಲೆ, ಸ್ವಿಚ್ ಬೋರ್ಡ್ ಕಡೆಯಿಂದ ಶುರು ಮಾಡಿ ದೂರ ಹೋಗುತ್ತ ಕತ್ತರಿಸಬೇಕು. ಆಗ ವೈರು ಯಾವಾಗಲೂ ಕತ್ತರಿಸಿದ ಭಾಗದ ಮೇಲೆ ಇರುತ್ತದೆ. ಒದ್ದೆ ಹುಲ್ಲಿನಲ್ಲಿ ಮಾತ್ರ ಬೇಡ. ಹೆಡ್ಜ್ ಟ್ರಿಮ್ಮರ್ ವೈರಿನದ್ದು ತೆಗೆದುಕೊಂಡವರಲ್ಲಿ ತನ್ನ ವೈರನ್ನು ತಾನೇ ಕತ್ತರಿಸದವರು ಅಪರೂಪ, ಅದಕ್ಕೆ ಬ್ಯಾಟರಿಯೇ ಇರಲಿ.


ಬೋಗಾದಿ_ಕೈತೋಟ:

ಎಲ್ಲರಿಗೂ ಧನ್ಯವಾದ. ಮೂರನೆಯ ಸೆಟ್ ಕೈಬಿಟ್ಟೆ. ಚಾರ್ಜರ್ ಫೋಟೋದಲ್ಲಿ ಸಣ್ಣಕ್ಷರದಲ್ಲಿ 21 ವೋಲ್ಟ್ ಅಂತಾನೇ ಇದೆ! ಇನ್ನು ಮೂರು ಅನುಮಾನ. ಕರೆಂಟ್ ಹೋದಾಗ ಮನೆ ಯುಪಿಎಸ್‌ನಲ್ಲಿ ಚಾರ್ಜ್ ಹಾಕಬಹುದಾ? ಟ್ರಿಮ್ಮರ್ ದಾರ ಪದೇ ಪದೇ ತುಂಡಾಗುತ್ತೆ ಅಂತ ಎಲ್ಲರೂ ಹೇಳ್ತಾರೆ, ಯಾಕೆ? ಮಾವಿಗೆ ಮಿನಿ ಚೈನ್ ಸಾ ಉಪಯೋಗಕ್ಕೆ ಬರುತ್ತಾ?


ಹೆಬ್ಬಾಳು_ವರ್ಕ್‌ಶಾಪ್:

ಯುಪಿಎಸ್: ಸೈನ್ ವೇವ್ ಆದರೆ ಹಾಕಿ. ಹಳೇ ಸ್ಕ್ವೇರ್ ವೇವ್ ಆದರೆ ಬೇಡ, ಚಾರ್ಜರ್ ಗುಂಯ್ ಅನ್ನುತ್ತೆ, ಬಿಸಿಯಾಗುತ್ತೆ, ಒಂದಿನ ಸದ್ದಿಲ್ಲದೆ ಹೋಗುತ್ತೆ. ಫಾಸ್ಟ್ ಚಾರ್ಜರ್ 200 ವ್ಯಾಟ್ ಮೇಲೆ ಎಳೆಯಬಹುದು, ಫ್ಯಾನು ಲೈಟಿನ ಜೊತೆ ಲೆಕ್ಕ ಇಟ್ಟುಕೊಳ್ಳಿ. ಅಂದಹಾಗೆ ಸೆಟ್ ಬೆಲೆ ಇಳಿಸೋಕೆ ಕಂಪನಿಗಳು ಕೈ ಹಾಕೋ ಇನ್ನೊಂದು ಜಾಗ ಚಾರ್ಜರ್. ಉದಾಹರಣೆಗೆ ಮಕಿಟಾದ 5 ಎಎಚ್ ಬ್ಯಾಟರಿ ಡಿಸಿ18ಆರ್‌ಸಿ ಚಾರ್ಜರ್‌ನಲ್ಲಿ 45 ನಿಮಿಷಕ್ಕೆ ತುಂಬುತ್ತೆ, ಡಿಸಿ18ಎಸ್‌ಡಿಯಲ್ಲಿ 110 ನಿಮಿಷ. ಎರಡು ಬ್ಯಾಟರಿ ಇದ್ದರೆ ನಿಧಾನದ ಚಾರ್ಜರ್ ಸಾಕು. ಒಂದೇ ಇದ್ದರೆ ಕೆಲಸ ಅರ್ಧಕ್ಕೆ ನಿಲ್ಲುತ್ತೆ.

ಕೆಲಸ ಮುಗಿದ ತಕ್ಷಣ ಬಿಸಿ ಬ್ಯಾಟರಿ ಚಾರ್ಜರ್‌ಗೆ ಸಿಕ್ಕಿಸಬೇಡಿ. ಸೆಲ್ 45 ಡಿಗ್ರಿ ಮೇಲಿದ್ದರೆ ಒಳ್ಳೇ ಚಾರ್ಜರ್ ಲೈಟ್ ಮಿಟುಕಿಸಿ ಸುಮ್ಮನಿರುತ್ತೆ, ಕೆಟ್ಟುಹೋಯ್ತು ಅಂತ ಜನ ಗಾಬರಿ ಬೀಳ್ತಾರೆ. ಅರ್ಧ ಗಂಟೆ ನೆರಳಲ್ಲಿಡಿ. ಫ್ರಿಜ್‌ಗೆ ಮಾತ್ರ ಇಡಬೇಡಿ, ಆಚೆ ತೆಗೆದಾಗ ಒಳಗೆ ನೀರು ಹನಿಯುತ್ತೆ. ಪೂರ್ತಿ ಖಾಲಿ ಮಾಡಿ ಚಾರ್ಜ್ ಹಾಕಬೇಕು ಅನ್ನೋದು ನಿಕಲ್ ಕ್ಯಾಡ್ಮಿಯಂ ಕಾಲದ ಮಾತು. ಬೇಸಿಗೆಯಲ್ಲಿ ಎರಡು ತಿಂಗಳು ಹುಲ್ಲು ಏಳಲ್ಲ, ಆಗ ಅರ್ಧ ಚಾರ್ಜ್ ಮಾಡಿ ಮಷಿನ್‌ನಿಂದ ಬಿಚ್ಚಿ ಬೀರುವಿನಲ್ಲಿಡಿ. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಬಿಟ್ಟ ಬ್ಯಾಟರಿ ಒಂದೇ ಬೇಸಿಗೆಗೆ ಮುದಿಯಾಗುತ್ತೆ. ಖಾಲಿ ಮಾಡಿಟ್ಟು ಆರು ತಿಂಗಳು ಮರೆತರೆ ವೋಲ್ಟೇಜ್ ತೀರಾ ಇಳಿದು ಚಾರ್ಜರ್ ಒಪ್ಪಿಕೊಳ್ಳೋದೇ ಇಲ್ಲ. ಚಾರ್ಜರ್‌ನ ಗಾಳಿ ಸಂದಿಯೊಳಗೆ ಇರುವೆ ಗೂಡು ಕಟ್ಟೋದು ನಮ್ಮ ಕಡೆಯ ಮಾಮೂಲಿ ಕಾಯಿಲೆ. ಗೋಡೆಗೆ ತೂಗುಹಾಕದೆ ಡಬ್ಬಿಯಲ್ಲಿ ಮುಚ್ಚಿಡಿ.

ಟ್ರಿಮ್ಮರ್ ದಾರ. ರಿಪೇರಿಗೆ ಬಂದ ಟ್ರಿಮ್ಮರ್‌ನಲ್ಲಿ ಮೊದಲು ನೋಡಬೇಕಾದ್ದು ಕಪ್ಪು ಪ್ಲಾಸ್ಟಿಕ್ ಗಾರ್ಡ್ ಇದೆಯಾ ಇಲ್ಲವಾ ಅಂತ. ಅದರ ಅಂಚಲ್ಲಿ ಉಗುರಿನಷ್ಟು ಸಣ್ಣ ಬ್ಲೇಡ್ ಇರುತ್ತೆ, ದಾರ ಜಾಸ್ತಿ ಬಂದರೆ ಅಲ್ಲಿ ತಾಗಿ ಸರಿಯಾದ ಉದ್ದಕ್ಕೆ ತುಂಡಾಗುತ್ತೆ. ಹುಲ್ಲು ಕಟ್ಟಿಕೊಳ್ಳುತ್ತೆ ಅಂತ ಗಾರ್ಡ್ ಬಿಚ್ಚಿ ಎಸೆದರೆ ದಾರ ಉದ್ದವಾಗುತ್ತೆ, ಮೋಟರ್ ಒದ್ದಾಡುತ್ತೆ, ಬ್ಯಾಟರಿ ಕಾಯುತ್ತೆ, ಕಲ್ಲು ನೇರ ಮುಖಕ್ಕೆ. ಎರಡನೇ ತಪ್ಪು, 1.6 ಮಿ.ಮೀ. ದಾರದ ಹೆಡ್‌ಗೆ "ಗಟ್ಟಿ ಇರಲಿ" ಅಂತ 2.4 ಹಾಕೋದು. 18 ವೋಲ್ಟ್ ಮೋಟರ್ ಅದನ್ನು ಸರಿಯಾದ ವೇಗಕ್ಕೆ ತಿರುಗಿಸಲಾರದು. ವೇಗ ಇಲ್ಲದ ದಾರ ಹುಲ್ಲನ್ನು ಕತ್ತರಿಸಲ್ಲ, ಹರಿಯುತ್ತೆ.

ಸುತ್ತೋದು ಹೇಗೆ: ಸ್ಪೂಲ್ (ದಾರ ಸುತ್ತೋ ಉರುಳೆ) ಮೇಲೆ ಬಾಣದ ಗುರುತಿದೆ, ಆ ದಿಕ್ಕಿಗೆ. ದಾರ ಕೂರೋ ತೋಡು ಎರಡು ಇದ್ದರೆ ದಾರ ಮಧ್ಯಕ್ಕೆ ಮಡಚಿ ನಡುವಿನ ಸಂದಿಗೆ ಸಿಕ್ಕಿಸಿ, ಎರಡೂ ತುದಿ ಪಕ್ಕಪಕ್ಕ ಬಿಗಿಯಾಗಿ, ಒಂದರ ಮೇಲೊಂದು ಹತ್ತದ ಹಾಗೆ ಸುತ್ತಿ. ಅಂಚು ತುಂಬುವಷ್ಟು ಸುತ್ತಬೇಡಿ. ಹೊರಗೆ 12, 15 ಸೆಂ.ಮೀ. ಬಿಡಿ. ಸಡಿಲ ಸುತ್ತಿದ ದಾರ ಒಳಗೆ ಅಡ್ಡಬಿದ್ದು ನೆಲಕ್ಕೆ ತಟ್ಟಿದರೂ ಬಿಚ್ಚಲ್ಲ. ಕಾಂಪೌಂಡ್ ಗೋಡೆಗೆ ಉಜ್ಜುತ್ತಾ ಓಡಿಸಿದರೆ ಬಿಸಿಗೆ ಸುತ್ತುಗಳು ಒಂದಕ್ಕೊಂದು ಬೆಸೆದುಹೋಗುತ್ತವೆ. ಹಳೇ ದಾರ ಒಣಗಿ ಪಟಪಟ ಮುರಿಯುತ್ತಿದ್ದರೆ ರಾತ್ರಿ ಬಕೆಟ್ ನೀರಲ್ಲಿ ನೆನೆಹಾಕಿ. ನೈಲಾನ್ ನೀರು ಹೀರಿ ಮೆತ್ತಗಾಗುತ್ತೆ, ಮಾರನೇ ದಿನ ಬೇರೆ ದಾರ ಹಾಕಿದ ಹಾಗಿರುತ್ತೆ.

ಗಿಡದ ಬುಡಕ್ಕೆ ದಾರ ತಾಗಿಸಬೇಡಿ. ಎಳೇ ಮಾವು, ನಿಂಬೆ, ನುಗ್ಗೆ ಯಾವುದೇ ಇರಲಿ, ಸುತ್ತಲೂ ತೊಗಟೆ ಸುಲಿದರೆ ಗಿಡ ಎರಡು ತಿಂಗಳಲ್ಲಿ ಮೇಲಿಂದ ಒಣಗಿಕೊಂಡು ಬರುತ್ತೆ, ಯಾರಿಗೂ ಕಾರಣ ಗೊತ್ತಾಗಲ್ಲ. ಬುಡದ ಸುತ್ತ ಒಂದಡಿ ಹುಲ್ಲು ಕಿತ್ತು ಒಣ ಎಲೆ ಹರಡಿ. ಹನಿ ನೀರಾವರಿ ಪೈಪಿಗೂ ಇದೇ ಗತಿ.

ಚೈನ್ ಸಾ ಬಗ್ಗೆ ನಾಲೆ ಬಯಲು ಅಣ್ಣ ಹೇಳಲಿ.


ನಾಲೆ_ಬಯಲು_ಮಂಡ್ಯ:

ತೆಂಗಿಗಂತೂ ಬೇಡ ಸರ್. ಮಟ್ಟೆ ನಾರು ಚೈನಿನ ಹಲ್ಲುಚಕ್ರಕ್ಕೆ ಸುತ್ಕೊಂಡು ಲಾಕ್ ಆಗುತ್ತೆ, ಮರ ಹತ್ತೋರ ಮಚ್ಚೇ ಅದಕ್ಕೆ ಸರಿ. ಹಸಿ ಗರಿ ಕಡುಸ್ಬೇಡಿ, ಫಸಲು ಬೀಳುತ್ತೆ.

ಮಾವಿಗೆ ಮಣಿಕಟ್ಟು ದಪ್ಪದ ಕೊಂಬೆಗಂಟ ಪರ್ವಾಗಿಲ್ಲ. ಕಾಯಿ ಕೊಯ್ದಾದ ಮೇಲೆ, ಜೂನ್ ಜುಲೈಲಿ ಸವರಿ. ನೆಲದ ಮೇಲೆ ನಿಂತು ಕೈಗೆ ಸಿಗೋದಷ್ಟೇ. ಏಣಿ ಮೇಲೆ ನಿಂತು ಒಂಟಿ ಕೈಲಿ ಹಿಡ್ಕೊಂಡು ಕುಯ್ಯೋದು ಅಂದ್ರೆ ಆಸ್ಪತ್ರೆ ದಾರಿ. ಬಾರಿನ (ಚೈನ್ ಸುತ್ತೋ ಪಟ್ಟಿ) ತುದಿ ಮೂತಿ ಕೊಂಬೆಗೆ ತಗುಲಿದ್ರೆ ಮಷಿನ್ನು ಎಗರಿ ಹಿಂದಕ್ಕೆ ಬರುತ್ತೆ, ಬಾರಿನ ಬುಡದ ಭಾಗ್ದಲ್ಲೇ ಕುಯ್ಯಿರಿ. ಮೊದ್ಲು ಕೊಂಬೆ ಕೆಳಗಡೆಯಿಂದ ಕಾಲು ಭಾಗ, ಆಮೇಲೆ ಸ್ವಲ್ಪ ಆಚೆ ಮೇಲಿಂದ. ಇಲ್ದಿದ್ರೆ ಕೊಂಬೆ ಬೀಳ್ವಾಗ ಕಾಂಡದ ತೊಗಟೇನೂ ಸಿಗಿದು ತಕ್ಕೊಂಡು ಹೋಗುತ್ತೆ. ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತು, ಸುಣ್ಣದ ಲೇಪ) ಹಚ್ಚಿ. ಮಾವಿನ ಸೊನೆ ಚರ್ಮ ಸುಡುತ್ತೆ, ಕನ್ನಡಕ ಹಾಕ್ಕೊಳಿ.

ಚೈನ್ ಹೊಸ್ದಾಗಿ ಹಾಕ್ದಾಗ ಕುಯ್ಯಲ್ಲ, ಬರೀ ಹೊಗೆ ಬರುತ್ತೆ ಅಂದ್ರೆ ಹತ್ತಕ್ಕೆ ಎಂಟು ಸಲ ತಿರುಗಾ ಮುರುಗಾ ಹಾಕಿರ್ತಾರೆ. ಬಾರಿನ ಮೇಲ್ಗಡೆ ಹಲ್ಲಿನ ಚೂಪು ಮೂತಿ ಕಡೆ ನೋಡ್ತಿರ್ಬೇಕು. ಬಿಗಿ ಎಷ್ಟು ಅಂದ್ರೆ, ಬಾರಿನ ನಡುಮಧ್ಯ ಕೆಳಗಡೆ ಎಳೆದು ಬಿಟ್ರೆ ಪಟಕ್ಕಂತ ವಾಪಸ್ ಕೂರ್ಬೇಕು, ಕೈಲಿ ಎಳುದ್ರೆ ಸಲೀಸಾಗಿ ಜರುಗ್ಬೇಕು. ಅಗ್ಗದವುಕ್ಕೆ ಆಯಿಲ್ ಟ್ಯಾಂಕ್ ಇರಲ್ಲ, ಎರಡು ಮೂರು ಕೊಂಬೆಗೊಂದು ಸಲ ನಾವೇ ತೊಟ್ಟಿಕ್ಕಬೇಕು. ಗಾಡಿಯಿಂದ ಇಳ್ಸಿದ ಕರೀ ಆಯಿಲ್ ಬೇಡ, ಅದ್ರಲ್ಲಿರೋ ಲೋಹದ ಪುಡಿ ಬಾರ್ ತಿನ್ನುತ್ತೆ.

ಕೊಂಬೆ ಕರೆಂಟ್ ಲೈನಿಗೆ ತಾಗಿದ್ರೆ ಕೈ ಹಾಕ್ಲೇಬೇಡಿ, 1912ಕ್ಕೆ ಫೋನ್ ಮಾಡಿ ಸೆಸ್ಕ್ ಕರೆಂಟ್ ಕಂಪ್ನಿಯೋರ್ಗೆ ಹೇಳಿ, ಲೈನ್ ಆಫ್ ಮಾಡ್ಸಿ. ಫುಟ್‌ಪಾತಿನ ಮರ ನಮ್ದಲ್ಲ, 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಅನುಮತಿ ಇಲ್ದೆ ಮುಟ್ಟಂಗಿಲ್ಲ.


ಬೋಗಾದಿ_ಕೈತೋಟ:

ಈಗ ತಲೆಯಲ್ಲಿರೋದು ಇಷ್ಟು: 18 ವೋಲ್ಟ್ ಕುಟುಂಬದಲ್ಲಿ ಟ್ರಿಮ್ಮರ್ ಮತ್ತು ಹೆಡ್ಜ್ ಟ್ರಿಮ್ಮರ್ ಬಿಡಿಯಾಗಿ, 4 ಎಎಚ್ ಬ್ಯಾಟರಿ ಒಂದು, 2 ಎಎಚ್ ಒಂದು. ಮೂವರ್ ವೈರಿನದ್ದು. 8 ಗುಂಟೆಗೆ ಬಾಡಿಗೆ. ಸರಿನಾ?


ಹೆಬ್ಬಾಳು_ವರ್ಕ್‌ಶಾಪ್:

ಸರಿ. ಟ್ರಿಮ್ಮರ್ ಬ್ರಷ್‌ಲೆಸ್ (ಕಾರ್ಬನ್ ಬ್ರಷ್ ಇಲ್ಲದ ಮೋಟರ್) ಇರಲಿ, ಅದು ದಿನವೂ ಒದ್ದಾಡೋ ಮಷಿನ್. ಹೆಡ್ಜ್ ಟ್ರಿಮ್ಮರ್‌ಗೆ ಕಾರ್ಬನ್ ಬ್ರಷ್ ಮೋಟರ್ ಆದರೂ ನಡೆಯುತ್ತೆ, ದುಡ್ಡು ಉಳಿಯುತ್ತೆ.

ಅಂಗಡಿಯಲ್ಲೇ ಡಬ್ಬಿ ಬಿಚ್ಚಿಸಿ. ಬ್ಯಾಟರಿಯ ಮೇಲಿನ ತಯಾರಿಕೆ ತಿಂಗಳು, ವರ್ಷ ಓದಿ; ಒಂದೂವರೆ ವರ್ಷ ಗೋದಾಮಿನಲ್ಲಿ ಕೂತಿದ್ದರೆ ಬೇರೆ ಕೇಳಿ. ಬ್ಯಾಟರಿ ಹಾಕಿ ಅಲ್ಲಾಡಿಸಿ, ಲಟಲಟ ಅಂದರೆ ಟರ್ಮಿನಲ್‌ನಲ್ಲಿ ಕಿಡಿ ಹಾರಿ ತಾಮ್ರ ಕರಿಯಾಗುತ್ತೆ. ಟ್ರಿಮ್ಮರ್ ಕೈಯಲ್ಲಿ ಹಿಡಿದು ನಿಂತು ನೋಡಿ: ಬೆನ್ನು ಬಾಗದೆ ದಾರದ ಹೆಡ್ ನೆಲಕ್ಕೆ ಸಮನಾಗಿ ಬರಬೇಕು, ಕೊಳವೆ ಉದ್ದ ಮಾಡೋಕೆ ಬರುತ್ತಾ ಅಂತ ಕೇಳಿ. ಸ್ಪೂಲ್, ಗಾರ್ಡ್, ಹೆಡ್ಜ್ ಬ್ಲೇಡ್ ಬಿಡಿಯಾಗಿ ಮೈಸೂರಲ್ಲೇ ಸಿಗುತ್ತಾ, ಬೆಂಗಳೂರಿಂದ ತರಿಸಬೇಕಾ ಅದನ್ನೂ. ವಾರಂಟಿ ಮಷಿನ್‌ಗೆ ಎಷ್ಟು, ಬ್ಯಾಟರಿಗೆ ಎಷ್ಟು ಅಂತ ಬೇರೆ ಬೇರೆ ಬರೆಸಿ. ಬಿಲ್‌ನಲ್ಲಿ ಬ್ಯಾಟರಿಯ ಸೀರಿಯಲ್ ನಂಬರ್ ಇಲ್ಲದಿದ್ದರೆ ಆಮೇಲೆ ವಾದ ಮಾಡೋಕಾಗಲ್ಲ.

ಸತ್ತ ಬ್ಯಾಟರಿ ಕಸದ ಗಾಡಿಗೆ ಹಾಕಬೇಡಿ. ಗಾಡಿಯಲ್ಲಿ ಅದುಮಿದಾಗ ಸೆಲ್ ಚಚ್ಚಿಹೋಗಿ ಬೆಂಕಿ ಹತ್ತುತ್ತೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ವಾಪಸ್ ತಗೊಳ್ಳೋ ಜವಾಬ್ದಾರಿ ತಯಾರಕರದ್ದು, ಟರ್ಮಿನಲ್ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ ಸರ್ವೀಸ್ ಸೆಂಟರ್‌ಗೆ ಕೊಡಿ.